ಕೀ ತಿರುಗಿಸಿದರೂ ಕಾರು ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿ ಬದಲಿಸುವ ಮೊದಲು ಇಷ್ಟು ನೋಡಿ

ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದ ಕೂಡಲೇ ಅಕ್ಕಪಕ್ಕದವರು ಹೇಳುವುದು ಒಂದೇ ಮಾತು: "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ." ಎಷ್ಟೋ ಸಲ ಅದು ಸರಿಯೇ ಇರುತ್ತದೆ. ಆದರೆ ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅದೇ ಟಕ್ ಟಕ್ ಶಬ್ದ ಬಂದರೆ? ಆಗ ಎಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಬಿಚ್ಚುತ್ತಾರೆ. ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚುತ್ತಾರೆ. ಕೊನೆಗೆ ನೋಡಿದರೆ ಎಂಜಿನ್‌ನಿಂದ ಕಾರಿನ ಬಾಡಿಗೆ ಬರುವ ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು ಹಿಡಿದಿರುತ್ತದೆ. ಅದನ್ನು ಉಜ್ಜಿ ಬಿಗಿ ಮಾಡುವುದು ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಎಂಟು ಹತ್ತು ಸಾವಿರ ಖರ್ಚಾಗಿರುತ್ತದೆ.

ಬ್ಯಾಟರಿಯಲ್ಲಿ ಕರೆಂಟ್ ಇರುವುದು ಬೇರೆ, ಅದು ಸೆಲ್ಫ್ ಮೋಟರ್‌ವರೆಗೆ ಪೂರ್ತಿ ತಲುಪುವುದು ಬೇರೆ. ಇವೆರಡನ್ನೂ ಬೇರೆ ಬೇರೆಯಾಗಿ ಅಳೆದರೆ ಮಾತ್ರ ದೋಷ ಎಲ್ಲಿದೆ ಎಂದು ಗೊತ್ತಾಗುತ್ತದೆ. ಈ ಅಳತೆ ಕಷ್ಟದ್ದಲ್ಲ. ಮನೆಯಲ್ಲೇ ಮಾಡಬಹುದು. ಕೆಳಗೆ ಹೇಳಿರುವುದು 12 ವೋಲ್ಟ್ ಬ್ಯಾಟರಿಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ಆಟೋ, ಟೆಂಪೋ, ಟ್ರ್ಯಾಕ್ಟರ್‌ಗಳಿಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅವನ್ನು ಮುಟ್ಟಲೇಬೇಡಿ.

ಬೇಕಾಗುವ ಸಾಮಾನು ಸ್ವಲ್ಪವೇ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 10ನೇ ನಂಬರ್ ಪಾನಾ, ಟಾರ್ಚ್, ಒಂದು ತುಂಡು ಸ್ಯಾಂಡ್‌ಪೇಪರ್. ಕೀ ತಿರುಗಿಸಲು ಇನ್ನೊಬ್ಬರು ಜೊತೆಗಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಹಾಗಾಗಿ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಉಂಗುರ, ಕೈಗಡಿಯಾರ, ಕಡಗ ತೆಗೆದಿಟ್ಟುಬಿಡಿ. ಪಾನಾ ಮತ್ತು ಬಾಡಿಯ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಮೊದಲು ಕಿವಿಗೊಡಿ

ಬಾನೆಟ್ ಎತ್ತುವ ಮೊದಲು ಕೀ ತಿರುಗಿಸಿ ಸುಮ್ಮನೆ ಕೇಳಿಸಿಕೊಳ್ಳಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಟಕಟಕಟಕ ಎಂದು ಬೇಗ ಬೇಗ ಬಡಿದುಕೊಳ್ಳುತ್ತಿದ್ದರೆ ಸೊಲೆನಾಯ್ಡ್ (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡುವ, ಅಯಸ್ಕಾಂತದಿಂದ ನಡೆಯುವ ಸ್ವಿಚ್) ಎಳೆದುಕೊಳ್ಳುತ್ತಿದೆ, ಬಿಡುತ್ತಿದೆ, ಮತ್ತೆ ಎಳೆದುಕೊಳ್ಳುತ್ತಿದೆ ಎಂದರ್ಥ. ಅದು ಎಳೆದುಕೊಂಡ ಕೂಡಲೇ ಸೆಲ್ಫ್ ಮೋಟರ್‌ಗೆ ಭಾರಿ ಕರೆಂಟ್ ಹರಿಯಬೇಕು. ಆಗ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಬ್ಯಾಟರಿ ಇಳಿದಿದೆ, ಇಲ್ಲವೇ ದಪ್ಪ ಕೇಬಲ್‌ಗಳ ಜೋಡಣೆ ಎಲ್ಲೋ ಕೆಟ್ಟಿದೆ.

ಒಂದೇ ಒಂದು ಸಲ ಗಟ್ಟಿಯಾಗಿ ಟಕ್ ಅಂದು ಸುಮ್ಮನಾದರೆ ಸೊಲೆನಾಯ್ಡ್ ಎಳೆದು ಹಿಡಿದಿದೆ, ಆದರೆ ಮೋಟರ್ ತಿರುಗುತ್ತಿಲ್ಲ. ಸೆಲ್ಫ್‌ನ ಕಾರ್ಬನ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್) ಸವೆದಿರಬಹುದು, ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕೇಬಲ್ ಸಡಿಲ ಇರಬಹುದು.

ಉಂ... ಉಂ... ಎಂದು ಎಳೆದೆಳೆದು ತಿರುಗಿದರೆ ಕರೆಂಟ್ ತಲುಪುತ್ತಿದೆ, ಆದರೆ ಕಡಿಮೆ. ಗರ್ ಎಂದು ಮೋಟರ್ ಜೋರಾಗಿ ತಿರುಗಿ ಎಂಜಿನ್ ಮಾತ್ರ ಅಲ್ಲಾಡದಿದ್ದರೆ ಸೆಲ್ಫ್‌ನ ಹಲ್ಲು ಎಂಜಿನ್‌ನ ದೊಡ್ಡ ಚಕ್ರವಾದ ಫ್ಲೈವೀಲ್‌ಗೆ ಕಚ್ಚುತ್ತಿಲ್ಲ. ಅದು ವೈರಿನ ತೊಂದರೆ ಅಲ್ಲ, ಸೆಲ್ಫ್ ಬಿಚ್ಚಿಸಲೇಬೇಕು.

ಯಾವ ಶಬ್ದವೂ ಇಲ್ಲದಿದ್ದರೆ ಸೊಲೆನಾಯ್ಡ್‌ಗೆ ಆಜ್ಞೆಯೇ ಹೋಗುತ್ತಿಲ್ಲ ಎನ್ನುವ ಸಂಶಯ ಬರಬೇಕು. ಇನ್ನು ಎಂಜಿನ್ ಎಂದಿನ ವೇಗದಲ್ಲೇ ತಿರುಗಿ ಸ್ಟಾರ್ಟ್ ಮಾತ್ರ ಆಗದಿದ್ದರೆ ಬ್ಯಾಟರಿ, ಸೆಲ್ಫ್ ಎರಡೂ ಚೆನ್ನಾಗಿವೆ. ಅವುಗಳ ತಂಟೆಗೆ ಹೋಗಬೇಡಿ. ಅದರ ವಿಷಯ ಮುಂದೆ ಬರುತ್ತದೆ.

ಹೆಡ್‌ಲೈಟ್ ಹಾಕಿ ನೋಡಿ

ಮೀಟರ್ ಇಲ್ಲದವರಿಗೂ ಸಾಧ್ಯವಾಗುವ ಪರೀಕ್ಷೆ ಇದು, ನನಗೆ ಬಹಳ ಇಷ್ಟವಾದದ್ದು. ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿದ್ದರೆ ಇನ್ನೂ ಅನುಕೂಲ. ಹೆಡ್‌ಲೈಟ್ ಹಾಕಿ. ಬೆಳಕು ಮೊದಲೇ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ. ಪ್ರಖರವಾಗಿದ್ದರೆ ಈಗ ಕೀ ತಿರುಗಿಸಿ.

ಬೆಳಕು ಸ್ವಲ್ಪವೂ ಕುಗ್ಗದೆ ಹಾಗೇ ಇದೆ, ಸೆಲ್ಫ್ ಕೂಡ ಸುಮ್ಮನಿದೆ. ಅಂದರೆ ಬ್ಯಾಟರಿಯಿಂದ ದೊಡ್ಡ ಕರೆಂಟ್ ಹೊರಟೇ ಇಲ್ಲ. ಸ್ವಿಚ್, ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್, ಸೊಲೆನಾಯ್ಡ್ ಕಡೆ ನೋಡಬೇಕು. ಬೆಳಕು ಪೂರ್ತಿ ಸತ್ತು, ಕೀ ಬಿಟ್ಟ ಮೇಲೆ ಮತ್ತೆ ಬಂದರೆ ಬ್ಯಾಟರಿ ಟರ್ಮಿನಲ್ ಸಡಿಲವಾಗಿರುವ ಸಾಧ್ಯತೆ ಜಾಸ್ತಿ. ಅಥವಾ ಬ್ಯಾಟರಿಯ ಒಂದು ಸೆಲ್ ಹೋಗಿರಬಹುದು. ಬೆಳಕು ತುಂಬಾ ಕುಗ್ಗಿ ಎಂಜಿನ್ ಮಿಸುಕಾಡದಿದ್ದರೆ ಎರಡು ದಾರಿ ಇವೆ: ಬ್ಯಾಟರಿಗೆ ಶಕ್ತಿ ಇಲ್ಲ, ಅಥವಾ ಸೆಲ್ಫ್ ಜಾಮ್ ಆಗಿ ಬೇಕಾದದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತಿದೆ. ಎಂಜಿನ್ ತಿರುಗುವಾಗ ಬೆಳಕು ಸ್ವಲ್ಪ ಕುಗ್ಗುವುದು ಮಾಮೂಲು.

ಬ್ಯಾಟರಿಯ ಅಳತೆ

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ಮೀಟರ್ ವೈರುಗಳ ತುದಿಯ ಮುಳ್ಳು ಒತ್ತಿ. ಕ್ಲ್ಯಾಂಪ್ ಮೇಲೆ ಅಲ್ಲ, ಸೀಸದ ಕಂಬದ ಮೇಲೇ. ರಾತ್ರಿಯೆಲ್ಲಾ ನಿಂತಿದ್ದ ಗಾಡಿಯಲ್ಲಿ 12.6 ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ. 10.5 ಹತ್ತಿರ ನಿಂತುಬಿಟ್ಟಿದ್ದು, ಚಾರ್ಜ್ ಮಾಡಿದರೂ ಮತ್ತೆ ಅಲ್ಲಿಗೇ ಬರುತ್ತಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಅದನ್ನು ಉಳಿಸಲಾಗುವುದಿಲ್ಲ. ಈಗಷ್ಟೇ ಓಡಿಸಿ ನಿಲ್ಲಿಸಿದ ಅಥವಾ ಚಾರ್ಜರ್‌ನಿಂದ ತೆಗೆದ ಬ್ಯಾಟರಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ಆಮೇಲೆ ಅಳೆಯಿರಿ.

ಇಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಮೀಟರ್ 12.6 ತೋರಿಸಿತು, ಬ್ಯಾಟರಿ ಸರಿ ಇದೆ ಎಂದು ತೀರ್ಮಾನಿಸುತ್ತಾರೆ. ಅದು ಸಾಲದು. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಎಳೆಯುವುದು ನೂರಕ್ಕೂ ಮಿಕ್ಕ ಆಂಪಿಯರ್, ಡೀಸೆಲ್ ಎಂಜಿನ್ ಇನ್ನೂ ಜಾಸ್ತಿ. ಆ ಭಾರ ಬಿದ್ದಾಗ ಬ್ಯಾಟರಿ ಹೇಗೆ ನಿಲ್ಲುತ್ತದೆ ಎನ್ನುವುದೇ ಮುಖ್ಯ. ಹಾಗಾಗಿ ಮುಳ್ಳುಗಳನ್ನು ಕಂಬದ ಮೇಲೆ ಹಿಡಿದುಕೊಂಡೇ ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ತುಂಬಿದ, ಒಳ್ಳೆಯ ಬ್ಯಾಟರಿ 10 ವೋಲ್ಟ್ ಮೇಲೆಯೇ ನಿಲ್ಲುತ್ತದೆ. 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮಿತಿಮೀರಿ ಎಳೆಯುತ್ತಿದೆ. ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ಇಳಿದ ಬ್ಯಾಟರಿಯನ್ನು ಸತ್ತ ಬ್ಯಾಟರಿ ಎಂದು ಎಸೆಯುವುದು ದುಡ್ಡು ದಂಡ.

ನೀರು ಹಾಕುವ ಬ್ಯಾಟರಿಯಾದರೆ ಒಳಗಿನ ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ತುಂಬಿದ ಸೆಲ್‌ನಲ್ಲಿ 1.265 ಆಸುಪಾಸು ಇರಬೇಕು. ಐದು ಸೆಲ್ ಒಂದೇ ಥರ ಇದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ. ಮೇಂಟೆನೆನ್ಸ್ ಫ್ರೀ ಬ್ಯಾಟರಿಯ ಮೇಲೆ ಇರುವ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ನೋಡುವುದು ಒಂದೇ ಸೆಲ್ಲನ್ನು. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆ ಬ್ಯಾಟರಿಯ ಆಯಸ್ಸು ತಿನ್ನುತ್ತದೆ. ಬಿಸಿಗೆ ನೀರು ಆರುತ್ತದೆ, ಒಳಗಿನ ಪ್ಲೇಟುಗಳು ಬೇಗ ಹಾಳಾಗುತ್ತವೆ. ಆದರೆ ಸೋಲು ಕಾಣುವುದು ಎಷ್ಟೋ ಸಲ ಡಿಸೆಂಬರ್‌ನ ತಣ್ಣನೆ ಬೆಳಗಿನಲ್ಲಿ. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್‌ಗೆ ಭಾರ ಹೆಚ್ಚುತ್ತದೆ, ಬ್ಯಾಟರಿಯ ಬಲವೂ ತಗ್ಗುತ್ತದೆ. ಕರಾವಳಿಯ ಕಥೆ ಬೇರೆ. ಉಡುಪಿ, ಕಾರವಾರದ ಉಪ್ಪು ಗಾಳಿಗೆ ಬ್ಯಾಟರಿಗಿಂತ ಮೊದಲು ಟರ್ಮಿನಲ್ ಮತ್ತು ಅರ್ಥ್ ಬೋಲ್ಟ್‌ಗಳು ಹಾಳಾಗುತ್ತವೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದನ್ನು ತೆಗೆಯುವವರೆಗೂ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬಿಸಿ ನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಕಲಸಿ ಸುರಿಯಿರಿ, ನೊರೆ ಬಂದು ಪುಡಿ ಕರಗುತ್ತದೆ. ಬ್ಯಾಟರಿಯ ಮುಚ್ಚಳದೊಳಗೆ ಆ ನೀರು ಹೋಗಬಾರದು. ಕಂಬವನ್ನೂ ಕ್ಲ್ಯಾಂಪ್ ಒಳಗನ್ನೂ ಸ್ಯಾಂಡ್‌ಪೇಪರ್‌ನಿಂದ ಹೊಳೆಯುವವರೆಗೆ ಉಜ್ಜಿ. ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲ್ಲಾಡಬಾರದು.

ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ

ಗ್ಯಾರೇಜುಗಳಲ್ಲಿ ಅತಿ ಕಡಿಮೆ ಮಾಡುವ ಪರೀಕ್ಷೆ ಇದು. ಮಾಡಿದರೆ ಎಷ್ಟೋ ಬ್ಯಾಟರಿ, ಸೆಲ್ಫ್ ಮೋಟರ್‌ಗಳು ಉಳಿಯುತ್ತವೆ.

ಸೆಲ್ಫ್‌ಗೆ ಹೋಗುವ ದಾರಿ ಎರಡು. ಬ್ಯಾಟರಿಯ ಪಾಸಿಟಿವ್‌ನಿಂದ ಸೊಲೆನಾಯ್ಡ್ ಮೂಲಕ ಮೋಟರ್‌ಗೆ ಹೋಗುವ ದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ವಾಪಸ್ ಬರುವ ದಾರಿಯನ್ನು ಮರೆಯುತ್ತೇವೆ. ಸೆಲ್ಫ್‌ನ ಬಾಡಿ, ಅದು ಕೂತಿರುವ ಎಂಜಿನ್, ಅಲ್ಲಿಂದ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕಪ್ಪು ವೈರ್, ಕಾರಿನ ಬಾಡಿ, ಮತ್ತೆ ಬ್ಯಾಟರಿಯ ನೆಗೆಟಿವ್. ಹೋದಷ್ಟೇ ಕರೆಂಟ್ ಈ ದಾರಿಯಲ್ಲಿ ವಾಪಸ್ ಬರಬೇಕು. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುವುದರಿಂದ ಆ ಪಟ್ಟಿ ಬಿಟ್ಟರೆ ಅದಕ್ಕೆ ಬಾಡಿಯ ಜೊತೆ ಬೇರೆ ಗಟ್ಟಿ ಸಂಬಂಧವಿಲ್ಲ.

ಒಂದು ಲೆಕ್ಕ ನೋಡಿ. ತುಕ್ಕು ಹಿಡಿದ ಬೋಲ್ಟ್‌ನಲ್ಲಿ ಬರೀ 0.02 ಓಮ್ ರೆಸಿಸ್ಟೆನ್ಸ್ ಇದೆ ಎಂದುಕೊಳ್ಳಿ. 150 ಆಂಪಿಯರ್ ಹರಿದರೆ ಅಲ್ಲೇ 3 ವೋಲ್ಟ್ ಹೋಗುತ್ತದೆ. ಸೆಲ್ಫ್‌ಗೆ ಅಷ್ಟು ಕಡಿಮೆ ಸಿಗುತ್ತದೆ. ಮನೆಯ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಈ 0.02 ಕಾಣುವುದೇ ಇಲ್ಲ, ಅದರ ಮುಳ್ಳಿನ ವೈರುಗಳಲ್ಲೇ ಅದಕ್ಕಿಂತ ಹೆಚ್ಚು ಇರುತ್ತದೆ. "ಕಂಟಿನ್ಯೂಟಿ ಬರ್ತಾ ಇದೆ, ವೈರ್ ಸರಿ ಇದೆ" ಎನ್ನುವ ಮಾತು ದಪ್ಪ ಕೇಬಲ್‌ಗಳ ವಿಷಯದಲ್ಲಿ ಕೆಲಸಕ್ಕೆ ಬಾರದು. ಒಂದೇ ಎಳೆ ಉಳಿದ ಕೇಬಲ್ ಕೂಡ ಬೀಪ್ ಅನ್ನುತ್ತದೆ. ಕರೆಂಟ್ ಹರಿಯುವಾಗ ವೋಲ್ಟೇಜ್ ಅಳೆದರೆ ಮಾತ್ರ ನಿಜ ಗೊತ್ತಾಗುವುದು.

ಪೆಟ್ರೋಲ್ ಕಾರಾದರೆ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿಡಿ, ಸೆಲ್ಫ್ ತಿರುಗಿದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೀಟರ್ ಡಿಸಿ ವೋಲ್ಟ್‌ನಲ್ಲೇ ಇರಲಿ. ಅಪ್ಪಿತಪ್ಪಿಯೂ ಆಂಪಿಯರ್ ಸ್ಥಾನಕ್ಕೆ ಇಡಬೇಡಿ.

ಮೊದಲು ವಾಪಸ್ ದಾರಿ ನೋಡಿ. ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗದ ಮೇಲೆ, ಸಾಧ್ಯವಾದರೆ ಸೆಲ್ಫ್‌ನ ಬಾಡಿಯ ಮೇಲೇ. ಜೊತೆಯವರು ಸೆಲ್ಫ್ ಹೊಡೆಯಲಿ, ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಮೀಟರ್ 0.2 ವೋಲ್ಟ್ ಒಳಗೆ ತೋರಿಸಿದರೆ ಅರ್ಥಿಂಗ್ ಚೆನ್ನಾಗಿದೆ. ಆಮೇಲೆ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ವರೆಗೆ ಹೀಗೇ ಅಳೆಯಿರಿ. ಅಲ್ಲಿ 0.5 ವೋಲ್ಟ್ ಒಳಗಿದ್ದರೆ ಸರಿ.

ಒಂದು ಉದಾಹರಣೆ. ಸೆಲ್ಫ್ ಎಳೆದೆಳೆದು ತಿರುಗುತ್ತಿದೆ. ಆಗ ಬ್ಯಾಟರಿಯ ಕಂಬಗಳ ಮೇಲೆ 11.6 ಇದೆ. ಸೆಲ್ಫ್‌ನ ಬೋಲ್ಟ್ ಮತ್ತು ಸೆಲ್ಫ್‌ನ ಬಾಡಿ ನಡುವೆ 8.5 ಮಾತ್ರ ಇದೆ. ಮಧ್ಯೆ 3.1 ವೋಲ್ಟ್ ಕಾಣೆಯಾಗಿದೆ. ಪಾಸಿಟಿವ್ ಕಡೆ ಅಳೆದರೆ 0.3, ಸರಿಯೇ ಇದೆ. ಅರ್ಥ್ ಕಡೆ ಅಳೆದರೆ 2.8. ಸಿಕ್ಕಿತು. ಈಗ ನೆಗೆಟಿವ್ ಕಂಬದಲ್ಲಿರುವ ಮುಳ್ಳನ್ನು ಹಾಗೇ ಇಟ್ಟು ಇನ್ನೊಂದನ್ನು ಹಂತಹಂತವಾಗಿ ಮುಂದೆ ಸರಿಸಿ. ಕಂಬದಿಂದ ಕ್ಲ್ಯಾಂಪ್‌ಗೆ, ಅಲ್ಲಿಂದ ಬಾಡಿಯ ಬೋಲ್ಟ್‌ಗೆ, ಬಾಡಿಗೆ, ಎಂಜಿನ್ ಪಟ್ಟಿಯ ಬೋಲ್ಟ್‌ಗೆ, ಎಂಜಿನ್‌ಗೆ. ಯಾವ ಹೆಜ್ಜೆಯಲ್ಲಿ ಅಂಕಿ ಥಟ್ಟನೆ ಹಾರುತ್ತದೋ ಆ ಎರಡು ಬಿಂದುಗಳ ನಡುವೆಯೇ ದೋಷ ಇದೆ. ಊಹೆ ಮಾಡಬೇಕಾಗಿಲ್ಲ.

ಈ ಉದಾಹರಣೆಯಲ್ಲಿ ಇನ್ನೊಂದು ಸುಳಿವು ಇದೆ. ಸೆಲ್ಫ್ ನಿಧಾನವಾಗಿದ್ದರೂ ಬ್ಯಾಟರಿಯ ವೋಲ್ಟೇಜ್ 11.6ರಲ್ಲೇ ನಿಂತಿತ್ತು. ಕೆಟ್ಟ ಜೋಡಣೆ ಕರೆಂಟನ್ನು ತಡೆಯುವುದರಿಂದ ಬ್ಯಾಟರಿಗೆ ಪೂರ್ತಿ ಭಾರ ಬೀಳುವುದಿಲ್ಲ. ಹಾಗಾಗಿ ಸೆಲ್ಫ್ ನಿಧಾನ, ಬ್ಯಾಟರಿ ವೋಲ್ಟೇಜ್ ಮೇಲೆ ಎಂದರೆ ವೈರ್ ಕಡೆ ನೋಡಿ. ಸೆಲ್ಫ್ ನಿಧಾನ, ಬ್ಯಾಟರಿ ವೋಲ್ಟೇಜೂ ಕೆಳಗೆ ಎಂದರೆ ಬ್ಯಾಟರಿ ಅಥವಾ ಸೆಲ್ಫ್ ಕಡೆ ನೋಡಿ.

ಮೀಟರ್ ಇಲ್ಲದಾಗ ಅರ್ಥಿಂಗ್ ಪರೀಕ್ಷಿಸಲು ಜಂಪರ್ ಕೇಬಲ್ ಸಾಕು. ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಎಂಜಿನ್‌ನ ಲೋಹದ ಭಾಗಕ್ಕೆ ಕಪ್ಪು ಕೇಬಲ್ ಹಾಕಿ ಸೆಲ್ಫ್ ಹೊಡೆಯಿರಿ. ಅಲ್ಲಿಯವರೆಗೆ ಮುಲುಗುತ್ತಿದ್ದ ಎಂಜಿನ್ ಒಂದೇ ಏಟಿಗೆ ತಿರುಗಿದರೆ ದೋಷ ಅರ್ಥ್ ವೈರಿನದ್ದು. ಅರ್ಥಿಂಗ್ ಕೆಟ್ಟಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ ಬಿಸಿಯಾಗುವುದು, ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿಣುಕುವುದು ಇದರ ಲಕ್ಷಣ.

ಸದ್ದೇ ಇಲ್ಲದಿದ್ದರೆ

ಡ್ಯಾಶ್‌ಬೋರ್ಡ್ ದೀಪಗಳು ಚೆನ್ನಾಗಿ ಉರಿಯುತ್ತಿವೆ, ಸೆಲ್ಫ್ ಮಾತ್ರ ಸುಮ್ಮನಿದೆ. ಬಹಳ ಸುಲಭದ್ದನ್ನು ಮೊದಲು ನೋಡಿ. ಆಟೋಮ್ಯಾಟಿಕ್ ಕಾರು 'ಪಿ' ಅಥವಾ 'ಎನ್'ನಲ್ಲಿ ಇಲ್ಲದಿದ್ದರೆ ಸೆಲ್ಫ್ ಹೊಡೆಯುವುದಿಲ್ಲ. 'ಪಿ'ಯಲ್ಲಿ ಆಗದೆ 'ಎನ್'ನಲ್ಲಿ ಆದರೆ ಗೇರ್ ಸ್ವಿಚ್ ಕೆಟ್ಟಿದೆ. ಎಷ್ಟೋ ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತಲೇಬೇಕು. ಪೆಡಲ್ ಹತ್ತಿರದ ಸಣ್ಣ ಸ್ವಿಚ್ ಸವೆದರೆ, ಅಥವಾ ದಪ್ಪ ಮ್ಯಾಟ್ ಅಡ್ಡ ಬಂದು ಪೆಡಲ್ ಕೊನೆಯವರೆಗೆ ಹೋಗದಿದ್ದರೆ, ಸೆಲ್ಫ್ ಸುಮ್ಮನಿರುತ್ತದೆ.

ಬೀಗ ಅಥವಾ ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ತಂದು ನೋಡಿ. ಎರಡು ಚಿಪ್ ಕೀಗಳನ್ನು ಒಂದೇ ಗೊಂಚಲಲ್ಲಿ ಹಾಕಿದ್ದರೆ ಬೇರೆ ಮಾಡಿ. ಬಟನ್ ಸ್ಟಾರ್ಟ್ ಕಾರಿನ ರಿಮೋಟ್ ಸೆಲ್ ಇಳಿದಿದ್ದರೆ, ಹೆಚ್ಚಿನ ಕಾರುಗಳಲ್ಲಿ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಕೆಲಸ ಮಾಡುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ಇಡಲು ಬೇರೆ ಜಾಗ ಇರುತ್ತದೆ, ಕೈಪಿಡಿಯಲ್ಲಿ ನೋಡಿ.

ಇವೆಲ್ಲ ಸರಿ ಇದ್ದರೆ ಫ್ಯೂಸ್ ಬಾಕ್ಸ್‌ಗೆ ಬನ್ನಿ. ಸ್ಟಾರ್ಟರ್ ರಿಲೇ ಮೇಲೆ ಬೆರಳಿಟ್ಟುಕೊಂಡು ಕೀ ತಿರುಗಿಸಲು ಹೇಳಿ. ಒಳಗೆ ಟಿಕ್ ಎಂದು ಬೆರಳಿಗೆ ತಾಗಬೇಕು. ತಾಗದಿದ್ದರೆ ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್ ಕಡೆಯಿಂದ ರಿಲೇಗೆ ಕರೆಂಟ್ ಬರುತ್ತಿಲ್ಲ, ಅಥವಾ ರಿಲೇ ಸತ್ತಿದೆ. ಅದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ರಿಲೇ ಮೇಲೆ ಅಚ್ಚಾದ ನಂಬರ್ ಮತ್ತು ಪಿನ್ ಜೋಡಣೆ ಒಂದೇ ಇರಬೇಕು.

ರಿಲೇ ಟಿಕ್ ಅನ್ನುತ್ತದೆ, ಸೆಲ್ಫ್ ಮಾತ್ರ ಅಲ್ಲಾಡುವುದಿಲ್ಲ ಎಂದರೆ ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರಿನಲ್ಲಿ ಅಳೆಯಿರಿ. ಕೀ ತಿರುಗಿಸಿ ಹಿಡಿದಾಗ ಅಲ್ಲಿ ಬ್ಯಾಟರಿಯ ವೋಲ್ಟೇಜ್‌ಗೆ ಹತ್ತಿರದ ಅಂಕಿ ಬರಬೇಕು. ಬಂದೂ ಸೊಲೆನಾಯ್ಡ್ ಎಳೆಯದಿದ್ದರೆ ಸೊಲೆನಾಯ್ಡ್ ಕೆಟ್ಟಿದೆ. ಬರದಿದ್ದರೆ ರಿಲೇಯಿಂದ ಅಲ್ಲಿಯವರೆಗಿನ ವೈರ್ ತುಂಡಾಗಿದೆ ಅಥವಾ ಸಾಕೆಟ್ ತುಕ್ಕು ಹಿಡಿದಿದೆ.

ಮಲೆನಾಡಿನಲ್ಲಿ, ಹಾಗೇ ಖಾಲಿ ಸೈಟಿನ ಪಕ್ಕ ಕಾರು ನಿಲ್ಲಿಸುವ ಊರುಗಳಲ್ಲಿ, ಇಂಥ ತುಂಡಾದ ವೈರಿಗೆ ಕಾರಣ ಬಹುತೇಕ ಇಲಿ, ಹೆಗ್ಗಣ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವುಗಳಿಗೆ ಒಳ್ಳೆಯ ಮನೆ. ಟಾರ್ಚ್ ಹಾಕಿ ಬ್ಯಾಟರಿಯ ಕೆಳಗೆ, ಎಂಜಿನ್ ಹಿಂದೆ ನೋಡಿ. ಹಿಕ್ಕೆ, ಹುಲ್ಲು, ಚಿಂದಿ, ಕಡಿದ ಪ್ಲಾಸ್ಟಿಕ್ ಕಂಡರೆ ಬೇರೆ ಯಾವುದನ್ನೂ ಬಿಚ್ಚಬೇಡಿ, ಆ ವೈರ್ ಕಟ್ಟನ್ನೇ ಮೊದಲು ಪೂರ್ತಿ ನೋಡಿಸಿ. ಕಡಿದ ವೈರನ್ನು ಸುಮ್ಮನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಅಲ್ಲೇ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ.

ಸೆಲ್ಫ್ ಮೋಟರೇ ಹೋಗಿದೆಯೇ?

ಬ್ಯಾಟರಿ ಸರಿ, ಎರಡೂ ದಾರಿ ಸರಿ, ಸಣ್ಣ ವೈರಿಗೆ ಕರೆಂಟ್ ಬರುತ್ತಿದೆ, ಟಕ್ ಅನ್ನುತ್ತದೆ, ತಿರುಗುವುದಿಲ್ಲ. ಆಗ ಮಾತ್ರ ಸೆಲ್ಫ್ ಬಿಚ್ಚಿಸಿ. ಸೆಲ್ಫ್‌ನ ಬಾಡಿಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಕೀ ತಿರುಗಿಸಿದಾಗ ಒಮ್ಮೆ ಸ್ಟಾರ್ಟ್ ಆದರೆ ಕಾರ್ಬನ್ ಸವೆದಿದೆ ಎಂದು ಹೆಚ್ಚುಕಡಿಮೆ ಖಾತ್ರಿ. ಕಾರ್ಬನ್, ಬುಷ್ ಬದಲಿಸಿದರೆ ಎಷ್ಟೋ ಸೆಲ್ಫ್‌ಗಳು ಮತ್ತೆ ವರ್ಷಗಟ್ಟಲೆ ಬರುತ್ತವೆ. ಪೂರ್ತಿ ಹೊಸದೇ ಬೇಕು ಎನ್ನುವವರ ಹತ್ತಿರ ಕಾರಣ ಕೇಳಿ.

ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಉರಿಯಬೇಕು. ಉರಿಯದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೇ ಕರೆಂಟ್ ಹೋಗುತ್ತಿಲ್ಲದಿರಬಹುದು. ಮೇನ್ ರಿಲೇ ಮತ್ತು ಅದರ ಫ್ಯೂಸ್ ನೋಡಿ. ಪೆಟ್ರೋಲ್ ಕಾರಾದರೆ ಆಗಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಶಬ್ದ ಕೇಳಬೇಕು. ಕೇಳದಿದ್ದರೆ ಪಂಪ್ ಫ್ಯೂಸ್, ರಿಲೇ, ಆಮೇಲೆ ಪಂಪ್. ಮೇಲೆ ಹೇಳಿದ ಪರೀಕ್ಷೆಗಾಗಿ ನೀವೇ ತೆಗೆದಿಟ್ಟ ಫ್ಯೂಸ್ ವಾಪಸ್ ಹಾಕಿದ್ದೀರಾ ಎಂದೂ ನೋಡಿಕೊಳ್ಳಿ.

ಪಂಪ್ ಶಬ್ದ ಇದೆ, ಆದರೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಏಳುವುದೇ ಇಲ್ಲ ಎಂದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಸಂಶಯ ಪಡಬಹುದು. ಬಿಸಿಯಾದಾಗ ಸಾಯುವುದು, ತಣ್ಣಗಾದ ಮೇಲೆ ತಾನಾಗಿಯೇ ಸರಿಹೋಗುವುದು ಈ ಸೆನ್ಸರಿನ ಗುಣ. ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ಪಿ0335 ಎಂಬ ಕೋಡ್ ಬಂದರೆ ದೋಷ ಆ ಸೆನ್ಸರ್ ಸರ್ಕ್ಯೂಟ್‌ನಲ್ಲಿದೆ. ಸೆನ್ಸರ್ ಕೊಳ್ಳುವ ಮೊದಲು ಅದರ ಸಾಕೆಟ್, ವೈರ್ ನೋಡಿ. ಡೀಸೆಲ್ ಕಾರು ಚಳಿಯ ಬೆಳಗಿನಲ್ಲಿ ಮಾತ್ರ ತಕರಾರು ಮಾಡಿದರೆ ಹೀಟರ್ ಪ್ಲಗ್ ಮತ್ತು ಅದರ ರಿಲೇ ನೋಡಿಸಿ.

ಕಾರಿನೊಳಗೆ ನೀರು ನುಗ್ಗಿದ್ದರೆ ಈ ಯಾವ ಪರೀಕ್ಷೆಯೂ ಬೇಡ. 2022ರ ಸೆಪ್ಟೆಂಬರ್‌ನ ಮಳೆಗೆ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನಿಂತಲ್ಲೇ ಕಾರುಗಳು ಮುಳುಗಿದ್ದವು. ಅಂಥ ಕಾರಿನಲ್ಲಿ ಕೀ ತಿರುಗಿಸಲೇಬಾರದು. ಸಿಲಿಂಡರ್ ಒಳಗೆ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಟೋ ಮಾಡಿಸಿ.

ರಾತ್ರಿ ಸರಿ, ಬೆಳಗ್ಗೆ ಸತ್ತಿದೆ

ಚಾರ್ಜ್ ಮಾಡಿದರೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಎರಡು ದಿನ ನಿಲ್ಲಿಸಿದರೆ ಮತ್ತೆ ಸಾಯುತ್ತದೆ. ಇಲ್ಲಿ ಎರಡು ಪ್ರಶ್ನೆ: ಡೈನಮೋ ತುಂಬಿಸುತ್ತಿದೆಯೇ? ನಿಂತಾಗ ಯಾರಾದರೂ ಕುಡಿಯುತ್ತಿದ್ದಾರೆಯೇ?

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗಲೂ 13.5ರ ಮೇಲೆ ನಿಲ್ಲಬೇಕು. ಇತ್ತೀಚಿನ ಕೆಲವು ಕಾರುಗಳು ಇಂಧನ ಉಳಿಸಲು ಬೇಕೆಂದೇ ಚಾರ್ಜಿಂಗ್ ತಗ್ಗಿಸುತ್ತವೆ, ಅಲ್ಲಿ ಲೋಡ್ ಹಾಕಿಯೇ ನೋಡಿ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಬೇಯುತ್ತದೆ. ಮೀಟರನ್ನು ಎಸಿಗೆ ತಿರುಗಿಸಿದಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಒಳಗಿನ ಡಯೋಡ್ ಕೆಟ್ಟಿರಬಹುದು. ಅಂಥ ಡೈನಮೋ ರಾತ್ರಿ ಹೊತ್ತು ಬ್ಯಾಟರಿಯನ್ನು ತಾನೇ ಖಾಲಿ ಮಾಡಬಲ್ಲದು.

ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಿತ್ತು "ಡೈನಮೋ ಸರಿ ಇದೆಯಾ ನೋಡೋಣ" ಎನ್ನುವ ಹಳೆಯ ಅಭ್ಯಾಸ ಈಗಲೂ ಇದೆ. ದಯವಿಟ್ಟು ನಿಮ್ಮ ಕಾರಿಗೆ ಅದನ್ನು ಮಾಡಲು ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮಿ ಇಸಿಯು ಸುಡಬಹುದು.

ನಿಂತಾಗಿನ ಸೋರಿಕೆ ನೋಡಲು ನೆಗೆಟಿವ್ ಕಂಬಕ್ಕೂ ಬಿಚ್ಚಿದ ಕ್ಲ್ಯಾಂಪ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಎಲ್ಲಾ ಬಾಗಿಲು ಮುಚ್ಚಿ, ಕೀಯನ್ನು ದೂರ ಇಟ್ಟು, ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಅಷ್ಟು ಹೊತ್ತು ಒಳಗಿನ ಕಂಪ್ಯೂಟರ್‌ಗಳು ಮಲಗಿರುವುದಿಲ್ಲ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆದರೆ ಮೀಟರ್ ಹೋಯಿತು ಎಂದೇ ತಿಳಿಯಿರಿ. ಕೊನೆಗೆ 50 ಮಿಲಿ ಆಂಪಿಯರ್ ಒಳಗೆ ಬಂದರೆ ಸರಿ. 300 ಇದ್ದರೆ ದಿನಕ್ಕೆ 7 ಆಂಪಿಯರ್ ಅವರ್ ಖರ್ಚು, 35 ಆಂಪಿಯರ್ ಅವರ್‌ನ ಬ್ಯಾಟರಿ ಮೂರು ದಿನಕ್ಕೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಯಾವುದು ತೆಗೆದಾಗ ಅಂಕಿ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾಗಳನ್ನು ಮೊದಲು ಸಂಶಯಿಸಿ. ಆಮೇಲೆ ಡಿಕ್ಕಿಯ ದೀಪ.

ದಾರಿಯಲ್ಲಿ ನಿಂತುಬಿಟ್ಟರೆ

ಜಂಪ್ ಸ್ಟಾರ್ಟ್ ಮಾಡುವಾಗ ಕ್ರಮ ಮುಖ್ಯ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿ ಕೆಟ್ಟು ನಿಂತ ಕಾರಿನ ಎಂಜಿನ್‌ನ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದು ಬ್ಯಾಟರಿಯ ಗ್ಯಾಸಿನ ಹತ್ತಿರ ಹಾರಬಾರದು. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದಾಗಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರ್ ಕಾರಿಗೆ ಮಾತ್ರ, ಎರಡನೇ ಗೇರಿನಲ್ಲಿ. ಹ್ಯಾಂಡಲ್ ಹೊಡೆದು ಎಬ್ಬಿಸುತ್ತಿದ್ದ ಅಂಬಾಸಿಡರ್ ಕಾಲದ ಲೆಕ್ಕ ಈಗ ಪೂರ್ತಿ ನಡೆಯುವುದಿಲ್ಲ. ಇಂದಿನ ಎಂಜಿನ್‌ನಲ್ಲಿ ಪಂಪ್, ಇಂಜೆಕ್ಟರ್, ಇಸಿಯು ಎಲ್ಲಕ್ಕೂ ಕರೆಂಟ್ ಬೇಕು. ಡ್ಯಾಶ್‌ಬೋರ್ಡ್ ದೀಪವೂ ಬರದಷ್ಟು ಬ್ಯಾಟರಿ ಸತ್ತಿದ್ದರೆ ಊರೆಲ್ಲಾ ಸೇರಿ ತಳ್ಳಿದರೂ ಪ್ರಯೋಜನವಿಲ್ಲ. ಕೆಲವು ಕಾರುಗಳಿಗೆ ತಳ್ಳಬಾರದು ಎಂದು ತಯಾರಕರೇ ಬರೆದಿರುತ್ತಾರೆ.

ಬೈಕಿನವರಿಗೂ ಒಂದು ಮಾತು. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ, ಕಿಕ್ಕರ್ ಇಲ್ಲದ ಮಾಡೆಲ್‌ಗಳೂ ಸಾಕಷ್ಟಿವೆ. ಬ್ಯಾಟರಿ ಮುಟ್ಟುವ ಮೊದಲು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಲಿವರ್ ಸ್ವಿಚ್ ನೋಡಿ. ಸ್ಟ್ಯಾಂಡಿನ ಸ್ವಿಚ್‌ಗೆ ಕೆಸರು ಮೆತ್ತಿಕೊಳ್ಳುವುದು ಮಳೆಗಾಲದಲ್ಲಿ ಮಾಮೂಲು.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಲೇಬೇಕಾಗಿ ಬಂದರೆ "ಸ್ಟಾರ್ಟ್ ಆಗ್ತಿಲ್ಲಣ್ಣ" ಎಂದಷ್ಟೇ ಹೇಳಬೇಡಿ. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಯಾವ ಶಬ್ದ ಬಂತು, ನಿಂತಾಗ ಬ್ಯಾಟರಿ ಎಷ್ಟು ವೋಲ್ಟ್, ಸೆಲ್ಫ್ ಹೊಡೆಯುವಾಗ ಎಷ್ಟು, ಅರ್ಥ್ ಕಡೆ ಎಷ್ಟು ಹೋಯಿತು, ಪಾಸಿಟಿವ್ ಕಡೆ ಎಷ್ಟು ಹೋಯಿತು, ಎಂಜಿನ್ ಓಡುವಾಗ ಎಷ್ಟು ಚಾರ್ಜಿಂಗ್. ಕೆಲಸ ಬಲ್ಲವರಾದರೆ ಆ ಚೀಟಿ ನೋಡಿ ನೇರವಾಗಿ ದೋಷ ಇರುವ ಜಾಗಕ್ಕೇ ಕೈ ಹಾಕುತ್ತಾರೆ.